ಜಗಲಿಯ ಎರಡು ಕುರ್ಚಿ

"ಇಲ್ಲಿ ಸ್ವಲ್ಪ ನಿಲ್ಲೋಣ" ಎಂದು ಬಡಗಿ ಮತ್ತೆ ನಿಂತ.

ಜೊತೆಗಿದ್ದ ಅಂಚೆಯಾಕೆಗೆ ನಗು ಬಂತು. ದಿನವಿಡೀ ಬೀದಿ ಬೀದಿ ಸುತ್ತಿ ಕಾಗದ ಹಂಚುವ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಈ ಏರು ಅವಳಿಗೆ ಯಾವ ಲೆಕ್ಕ? ಆದರೂ ಪ್ರತಿ ತಿರುವಿನಲ್ಲೂ ಅವನು ನಿಲ್ಲುತ್ತಿದ್ದ, ಅವಳ ಕೈಗೆ ನೀರಿನ ಬಾಟಲಿ ಕೊಡುತ್ತಿದ್ದ. ಕಾಡು ಅರೆನಿದ್ದೆಯಲ್ಲಿತ್ತು. ಬಿಸಿಲು ಮಂಜಿನೊಳಗೆ ಇಳಿದು ಎಲ್ಲೋ ಕರಗಿಹೋಗುತ್ತಿತ್ತು. ಒದ್ದೆ ತರಗೆಲೆಯ ಮೇಲೆ ಅವರ ಹೆಜ್ಜೆ ಅವರಿಗೇ ಕೇಳಿಸುತ್ತಿರಲಿಲ್ಲ.

ಮದುವೆಯಾಗೋಣವೇ ಎಂದು ಅವನು ಕೇಳಿ ಬಹಳ ದಿನವಾಗಿತ್ತು. ಇಬ್ಬರದೂ ತಲೆ ನರೆತ ವಯಸ್ಸು. "ನಿಮ್ಮ ಕಾಡಿನ ಮನೆ ನೋಡಿ ಹೇಳ್ತೀನಿ" ಎಂದಿದ್ದಳು ಅವಳು. ಅವನು ತಾನೇ ಕಟ್ಟಿ, ಹೆಂಡತಿಯ ಜೊತೆ ವರ್ಷ ವರ್ಷ ಹೋಗಿಬರುತ್ತಿದ್ದ ಮನೆ ಅದು. ಹೆಂಡತಿ ತೀರಿಕೊಂಡ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ.

ಮುಂದಿನ ತಿರುವಿನಲ್ಲೂ ಅವನು ಬಾಟಲಿಯ ಮುಚ್ಚಳ ತಿರುಗಿಸತೊಡಗಿದಾಗ ಅವಳು ಕೇಳಿದಳು, "ಅವ್ರಿಗೆ ಉಬ್ಬಸ ಇತ್ತಾ?"

"ಯಾರಿಗೆ?"

"ನಿಮ್ಮ ಮನೆಯವ್ರಿಗೆ."

ಅವನು ಮುಚ್ಚಳವನ್ನು ಮತ್ತೆ ಬಿಗಿದ. "ಇತ್ತು" ಎಂದ. "ಹೀಗೆ ನಿಲ್ತಾ ಇದ್ದಿದ್ದು ನಂಗೆ ಗೊತ್ತೇ ಆಗ್ಲಿಲ್ಲ ನೋಡಿ."

"ಈ ನಡಿಗೇಲಿ ಹೋದ್ರೆ ನಾವು ಮನೆ ಸೇರೋದು ಮುಂದಿನ ಜನ್ಮಕ್ಕೆ" ಎಂದು ಅವಳು ಮುಂದೆ ನಡೆದಳು. ಮಾತು ಬಂದಷ್ಟು ಸಲೀಸಾಗಿ ಮನಸ್ಸು ಹಗುರಾಗಲಿಲ್ಲ. ಇನ್ನೊಬ್ಬಳ ಉಸಿರಿಗೆ ಹೆಜ್ಜೆ ಹಾಕುತ್ತ ಬಾಳುವುದಕ್ಕಿಂತ ತನ್ನ ಪಾಡಿಗೆ ತಾನಿರುವುದೇ ವಾಸಿ ಎನಿಸಿತು.

ಕಾಡು ಇದ್ದಕ್ಕಿದ್ದಂತೆ ಮುಗಿಯಿತು. ಎದುರಿಗೆ ಸೊಂಟದೆತ್ತರದ ಹುಲ್ಲು, ತುದಿಯಲ್ಲೆಲ್ಲ ಬಿಳಿ ಹೂ. ಗಾಳಿ ಬೀಸಿದರೆ ಬಯಲೇ ಎದ್ದು ನಡೆದಂತೆ ಕಾಣುತ್ತಿತ್ತು. ಅದರ ಅಂಚಿನಲ್ಲಿ ಪುಟ್ಟ ಮರದ ಮನೆ. ಅವಳು ನಿದ್ದೆಯಲ್ಲಿ ನಡೆಯುವವಳ ಹಾಗೆ ಹುಲ್ಲು ಸರಿಸುತ್ತ ಹೋಗಿ ಜಗಲಿ ಹತ್ತಿದಳು.

ಜಗಲಿಯಲ್ಲಿ ಎರಡು ಕುರ್ಚಿಗಳಿದ್ದವು. ಎರಡರ ಕಾಲನ್ನೂ ನೆಲದ ಹಲಗೆಗೆ ಸ್ಕ್ರೂ ಹಾಕಿ ಬಿಗಿಯಲಾಗಿತ್ತು.

"ಗಾಳಿಗೆ ಉರುಳಿ ಬೀಳ್ತಿದ್ವು, ಅದಕ್ಕೆ" ಎಂದ ಬಡಗಿ, ಏದುಸಿರು ಬಿಡುತ್ತ ಬಂದವನು. ಅವನ ಕೆಲಸವೇ ಹಾಗೆ, ಬಿಗಿದರೆ ಬಿಗಿದದ್ದೇ.

"ಇದ್ರಲ್ಲಿ ನಿಮ್ಮದ್ಯಾವುದು?"

ಅವನು ತುದಿಯ ಕುರ್ಚಿ ತೋರಿಸಿದ. ಅವಳು ಅದರಲ್ಲೇ ಕೂತುಬಿಟ್ಟಳು. "ಅವ್ರ ಜಾಗ ನಂಗೆ ಬೇಡ."

ಬಡಗಿ ತಡವರಿಸಿದ. ಹೆಂಡತಿಯ ಆ ಇನ್ನೊಂದು ಕುರ್ಚಿಯಲ್ಲಿ ಅವನು ಎಂದೂ ಕೂತವನಲ್ಲ. ಅಂಜುತ್ತ ಕೂತು ಮುಖವೆತ್ತಿದರೆ ಹುಲ್ಲುಗಾವಲೇ ಇಲ್ಲ. ಎದುರಿಗೆ ದಪ್ಪನೆಯ ಕಂಬ, ಅದರಾಚೆ ಸೌದೆ ಗೂಡಿನ ಗೋಡೆ. ಕತ್ತು ಚಾಚಿ ನೋಡಿದ, ಬಾಗಿ ನೋಡಿದ. ಅಲ್ಲಿಂದ ಸಲೀಸಾಗಿ ಕಾಣುತ್ತಿದ್ದುದು ಪಕ್ಕದ ಕುರ್ಚಿ ಮಾತ್ರ, ಅದರಲ್ಲಿ ಕೂತವರ ಮುಖ ಮಾತ್ರ.

"ಅವಳು ಯಾವತ್ತೂ ಹೇಳ್ಲಿಲ್ಲ" ಎಂದ. "ಎಷ್ಟು ಚೆನ್ನಾಗಿದೆ ಅಲ್ವಾ ಅಂತ ನಾನು ಕೇಳ್ತಿದ್ದೆ. ಹೌದು ಅಂತಿದ್ಲು." ಆಮೇಲೆ ಬಿಕ್ಕಿ ಬಿಕ್ಕಿ ಅತ್ತ.

ಅಂಚೆಯಾಕೆ ಅವನನ್ನು ಅಳಲು ಬಿಟ್ಟಳು. ದಾರಿಯುದ್ದಕ್ಕೂ ಹೊತ್ತು ತಂದ ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕಂಡಿರದ ಆ ಹೆಂಗಸಿನ ಮೇಲೆ ಅಕ್ಕರೆ ಉಕ್ಕಿತು. ಆದರೆ ಆಕೆಯ ಹಾಗೆ ಬಾಯಿ ಮುಚ್ಚಿಕೊಂಡು ಕೂರುವುದು ತನ್ನಿಂದಾಗದ ಮಾತು ಎಂದೂ ಅವಳಿಗೆ ಗೊತ್ತಿತ್ತು.

"ನಾನು ಹೇಳೋಳಪ್ಪ" ಎಂದಳು. "ನಂಗೂ ಹುಲ್ಲುಗಾವಲು ಕಾಣ್ಬೇಕು, ನಿಮಗೂ ಕಾಣ್ಬೇಕು. ಹಾಗಿದ್ರೆ ಮದುವೆಗೆ ನಂದು ಹೂಂ."

ಅವನು ಕಣ್ಣೊರೆಸಿಕೊಂಡು ಒಳಗಿನಿಂದ ಸ್ಕ್ರೂಡ್ರೈವರ್ ತಂದ. ಹೆಂಡತಿಯ ಕುರ್ಚಿಯ ತುಕ್ಕು ಹಿಡಿದ ಸ್ಕ್ರೂ ಜಪ್ಪಯ್ಯ ಅಂದರೂ ಕದಲಲಿಲ್ಲ. ಅವಳು ಎದ್ದು ಬಂದು ಕುರ್ಚಿಯ ಬೆನ್ನನ್ನು ಅದುಮಿ ಹಿಡಿದಳು. ಅವನು ಮಂಡಿಯೂರಿ ಮತ್ತೆ ತಿರುಗಿಸಿದ. ಕಿರ್ರೆಂದು ಒಂದು ಸುತ್ತು ಸಡಿಲವಾಯಿತು. ಹಳೆಯ ಮರದ ಹುಡಿ ಅವನ ಬೆರಳಿಗೆ ಅಂಟಿಕೊಂಡಿತು.