ನಿಂಬೆ ವಾಸನೆಯ ಮನೆಗಾಡಿ

ನೆಬ್ರಾಸ್ಕದಲ್ಲಿ ಚಳಿ ಶುರುವಾಯಿತೆಂದರೆ ವೆಂಡಲ್ ಕ್ರಾಂಟ್ಸ್‌ಗೆ ಉಸಿರಾಡುವುದೇ ಕಷ್ಟ. ಮುಪ್ಪಿನವರೆಗೂ ಜೋಳದ ಗೋದಾಮಿನಲ್ಲಿ ದುಡಿದವನು. ಅಲ್ಲಿಯ ಧೂಳು ಎದೆಯೊಳಗೇ ಕೂತುಬಿಟ್ಟಿತ್ತು. ಚಳಿಗಾಲ ಕಳೆಯುವ ತನಕ ಅರಿಜೋನಾದ ಒಣ ಹವೆಯಲ್ಲಿ ಇರಬೇಕೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಒಳಗೇ ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ ಹಳೆಯ ಮನೆಗಾಡಿಯೊಂದನ್ನು ಕೊಂಡು ಹೊರಟುಬಿಡುವುದೆಂದು ಅವನೂ ಹೆಂಡತಿ ಬರ್ನಡೀನಳೂ ನಿಶ್ಚಯಿಸಿದರು.

ಆದರೆ ಯಾರನ್ನು ನಂಬಿ ಕೊಳ್ಳುವುದು? ವೆಂಡಲ್ ಅನುಮಾನದ ಮನುಷ್ಯ. ಗಾಡಿ ಮಾರುವವನು ನಕ್ಕರೆ ಮೋಸ, ನಗದಿದ್ದರೆ ಇನ್ನೂ ದೊಡ್ಡ ಮೋಸ ಎನ್ನುವ ಪೈಕಿ. ಕೊನೆಗೆ ಅವನಿಗೆ ಸರಿ ಕಂಡದ್ದು ಊರಾಚೆಯ ಹರಾಜಿನ ಅಂಗಳ.

"ಅಲ್ಲಿ ಯಾರೂ ಬೆಣ್ಣೆ ಹಚ್ಚಿ ಮಾತಾಡಲ್ಲ. ಗಾಡಿ ಇರುತ್ತೆ, ನಾವಿರ್ತೀವಿ, ಅಷ್ಟೇ," ಎಂದ.

ಹರಾಜಿನ ಹಿಂದಿನ ದಿನ ಗಾಡಿಗಳನ್ನು ನೋಡಲು ಬಿಡುತ್ತಾರೆ. ಬರ್ನಡೀನ್ ಪಕ್ಕದ ಮನೆಯ ಮಾರ್ವಾಳನ್ನೂ ಜೊತೆಗೆ ಕರೆದಳು. ಗಂಡ ಬದುಕಿದ್ದಾಗ ಮಾರ್ವಾ ಇಂಥದೇ ಗಾಡಿಯಲ್ಲಿ ದೇಶ ಸುತ್ತಿದವಳು. ಇವಳಿಗೇನು ಲಾಭ, ಸುಮ್ಮನೆ ಯಾಕೆ ಬರುತ್ತಾಳೆ ಎಂದು ವೆಂಡಲ್ ದಾರಿಯುದ್ದಕ್ಕೂ ಒಳಗೊಳಗೇ ಲೆಕ್ಕ ಹಾಕಿದ.

ಸಾಲಿನ ತುದಿಯಲ್ಲಿ ಕೆನೆಬಣ್ಣದ ಗಾಡಿಯೊಂದು ನಿಂತಿತ್ತು. ಹೊಸ ಪರದೆ, ಹೊಸ ನೆಲಹಾಸು, ಬಾಗಿಲು ತೆರೆದರೆ ನಿಂಬೆಯ ಘಮ. ವೆಂಡಲ್ ನೋಡುತ್ತಲೇ ಸೋತುಹೋದ. ಮಾರ್ವಾ ಮಾತ್ರ ಮಂಚದ ಪಕ್ಕ ಮಂಡಿಯೂರಿ ಮೂಲೆಯ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದಳು.

"ಇದು ಬೇಡ ವೆಂಡಲ್. ಗೋಡೆ ಮೆತ್ತಗಿದೆ. ನೀರು ಕುಡಿದಿರೋ ಗಾಡಿ. ಪ್ರವಾಹದಲ್ಲಿ ಮುಳುಗಿತ್ತೋ ಏನೋ."

"ಇಷ್ಟು ಘಮಘಮ ಅಂತಿದೆಯಲ್ಲ?"

"ಅದಕ್ಕೇ ಹೇಳ್ತಿರೋದು. ಒಳ್ಳೇ ಗಾಡಿಗೆ ಇಷ್ಟೊಂದು ಸೆಂಟು ಯಾಕೆ? ಹರಾಜಲ್ಲಿ ಹೇಗಿದೆಯೋ ಹಾಗೇ ತಗೋಬೇಕು. ನಾಳೆ ಅಳ್ತಾ ಬಂದ್ರೆ ಯಾರೂ ವಾಪಸ್ ತಗೊಳ್ಳಲ್ಲ."

ಒಡೆತನದ ಕಾಗದದಲ್ಲಿ ಪ್ರವಾಹದ ಮಾತಿಲ್ಲವೆಂದು ಮೈಮರೆಯಬಾರದು, ಮುಳುಗಿದ ಗಾಡಿಯ ಕಾಗದದ ಮೇಲೆ ಸರ್ಕಾರ ಗುರುತು ಹಾಕುತ್ತದೆ, ಬೇರೆ ರಾಜ್ಯದಲ್ಲಿ ನೋಂದಾಯಿಸಿ ಅದನ್ನೇ ಅಳಿಸುವವರಿದ್ದಾರೆ ಎಂದೂ ಅವಳು ಹೇಳಿದಳು. ಟೈರಿನ ಪಕ್ಕದಲ್ಲಿ ಅದು ತಯಾರಾದ ವಾರ, ವರ್ಷ ಅಚ್ಚಾಗಿರುವುದನ್ನು ತೋರಿಸಿದಳು. ಮೇಲೆ ಮಿರಮಿರ ಮಿಂಚುತ್ತಿದ್ದರೂ ಟೈರುಗಳು ಮುದಿಯಾಗಿದ್ದವು.

ಆಮೇಲೆ ಅವಳು ಅಂಗಳದ ಮೇಲ್ವಿಚಾರಕನನ್ನು ಪಕ್ಕಕ್ಕೆ ಕರೆದು ಏನೋ ಕೇಳಿದಳು. ಅವನು ನಕ್ಕ, ಇವಳೂ ನಕ್ಕಳು. ವೆಂಡಲ್‌ಗೆ ಎಲ್ಲ ಅರ್ಥವಾದ ಹಾಗಾಯಿತು.

"ಅವಳಿಗೇ ಬೇಕು ಆ ಗಾಡಿ. ನಮ್ಮನ್ನ ದೂರ ಇಟ್ಟು ತಾನು ಹೊಡ್ಕೊಳ್ಳೋ ಹುನ್ನಾರ," ಎಂದ ಮನೆಗೆ ಬಂದು.

"ಇಷ್ಟು ವರ್ಷದಲ್ಲಿ ಒಂದು ಕಪ್ ಸಕ್ಕರೆ ತಗೊಂಡ್ರೂ ತುಂಬಿಸಿ ವಾಪಸ್ ಕೊಟ್ಟವಳು ಅವಳು. ನಿನ್ನ ತಲೆ ಸರಿ ಇದೆಯಾ?" ಎಂದಳು ಬರ್ನಡೀನ್.

ಮರುದಿನ ವೆಂಡಲ್ ಇಬ್ಬರಿಗೂ ಹೇಳದೆ ಹರಾಜಿಗೆ ಮುಂಚೆಯೇ ಹೋದ. ಮಾರ್ವಾಳ ಸುಳ್ಳನ್ನು ಹಿಡಿಯಲೇಬೇಕೆಂದು ಕೆನೆಬಣ್ಣದ ಗಾಡಿ ಹತ್ತಿ, ಬಾಗಿಲು ಕಿಟಕಿ ಮುಚ್ಚಿ ಹಾಸಿಗೆಯ ಮೇಲೆ ಕುಳಿತ. ಮೊದಲು ಹಿತವೆನಿಸಿತು. ಸ್ವಲ್ಪ ಹೊತ್ತಿಗೆ ನಿಂಬೆಯ ಅಡಿಯಿಂದ ಇನ್ನೊಂದು ವಾಸನೆ ಮೇಲೆದ್ದಿತು, ಒದ್ದೆ ಗೋಣಿಯದು. ಎದೆ ಬಿಗಿಯಿತು. ಕೆಮ್ಮು ಹಿಡಿದರೆ ಬಿಡಲೊಲ್ಲದು. ಕಣ್ಣಲ್ಲಿ ನೀರು ತುಂಬಿಕೊಂಡೇ ಅವನು ಮಂಚದ ಕೆಳಗಿನ ಡ್ರಾಯರನ್ನು ಪೂರ್ತಿ ಹೊರಗೆಳೆದ. ಹಿಂದಿನ ಹಲಗೆಯ ತುಂಬ ಕಪ್ಪು ಬೂಷ್ಟು. ಕಬ್ಬಿಣದ ಸಂದಿನಲ್ಲಿ ನುಣ್ಣನೆಯ ಹೊಳೆಯ ಕೆಸರು ಒಣಗಿ ಕೂತಿತ್ತು.

ಇದರಲ್ಲಿ ಮಲಗಿ ಅರಿಜೋನಾ ತಲುಪುವುದಂತೂ ದೂರದ ಮಾತು. ಅವನು ಬಾಗಿಲು ತಳ್ಳಿ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕುಳಿತ.

ಅಷ್ಟರಲ್ಲಿ ಎಳೆಯ ಜೋಡಿಯೊಂದು ಅದೇ ಗಾಡಿ ನೋಡಲು ಬಂತು. ಹೆಂಗಸಿನ ಕಂಕುಳಲ್ಲಿ ಮಗು. ವೆಂಡಲ್ ಏದುಸಿರಿನಲ್ಲೇ ಕಂಡದ್ದನ್ನು ಹೇಳಿದ. ಗಂಡನ ಮುಖ ಗಂಟಿಕ್ಕಿತು.

"ಯಾಕೆ ತಾತ, ನಿಮಗೇ ಬೇಕಾ ಈ ಗಾಡಿ?"

ನಿನ್ನೆ ತಾನು ಮಾರ್ವಾಳನ್ನು ನೋಡಿದ್ದು ಇದೇ ಕಣ್ಣಿನಿಂದ. ವೆಂಡಲ್ ಮೆಟ್ಟಿಲಿನಿಂದ ಎದ್ದು ದಾರಿ ಬಿಟ್ಟ.

"ನನ್ನ ಮಾತು ನಂಬಬೇಡಪ್ಪ. ಒಳಗೆ ಹೋಗಿ ಡ್ರಾಯರ್ ಎಳೆದು ನೀನೇ ನೋಡು," ಎಂದ.

ಹೋದ. ನೋಡಿದ. ಮಗುವನ್ನು ಬಿಸಿಲಿಗೆ ಕರೆದುಕೊಂಡು ಹೋಗೆಂದು ಹೆಂಡತಿಗೆ ಹೇಳಿ, ವೆಂಡಲ್‌ನ ಕೈ ಕುಲುಕಿ ಹೊರಟುಹೋದ. ಆ ಗಾಡಿಯನ್ನು ಆಮೇಲೆ ಯಾರೋ ಕಣ್ಣಿನಿಂದ ನೋಡದೆಯೇ ಫೋನಿನಲ್ಲೇ ಬೆಲೆ ಕೂಗಿ ಖರೀದಿಸಿದರು.

ಸಂಜೆ ವೆಂಡಲ್ ಮಾರ್ವಾಳ ಮನೆಗೆ ಹೋಗಿ ಅನುಮಾನಪಟ್ಟದ್ದನ್ನು ಒಪ್ಪಿಕೊಂಡ. ಅವಳು ಕಾಫಿ ಬಗ್ಗಿಸುತ್ತ ನಕ್ಕಳು. ಮೇಲ್ವಿಚಾರಕನನ್ನು ಅವಳು ಕೇಳಿದ್ದು ಇಷ್ಟೇ: ನೋಡುವ ದಿನ ನಮ್ಮ ಮೆಕ್ಯಾನಿಕ್ಕನನ್ನು ಕರೆತರಬಹುದೇ? ಎಷ್ಟು ಜನರನ್ನಾದರೂ ಕರೆತನ್ನಿ, ಆದರೆ ಯಾರೂ ಕರೆತರುವುದಿಲ್ಲ ಎಂದು ಅವನು ನಕ್ಕಿದ್ದನಂತೆ.

ಮುಂದಿನ ಹರಾಜಿಗೆ ಅವರು ಮೆಕ್ಯಾನಿಕ್ಕನನ್ನು ಕರೆದುಕೊಂಡೇ ಹೋದರು. ಬಣ್ಣ ಮಾಸಿದ, ಪರದೆ ಹರಿದ ಗಾಡಿಯೊಂದು ಸಿಕ್ಕಿತು. ಚಾವಣಿಯಿಂದ ನೆಲದವರೆಗೆ ಒಣ, ಗಟ್ಟಿ. ಒಡೆತನದ ಕಾಗದದಲ್ಲಿದ್ದ ನಂಬರೂ ಗಾಡಿಯ ಮೇಲಿನ ನಂಬರೂ ಒಂದೇ. ಇದಕ್ಕಿಂತ ಮೇಲೆ ಕೂಗಬೇಡ ಎಂದು ಬರ್ನಡೀನ್ ಹೇಳಿದ ಬೆಲೆಯೊಳಗೇ ವ್ಯಾಪಾರ ಮುಗಿಯಿತು. ಆ ಚಳಿಗಾಲ ವೆಂಡಲ್ ಅರಿಜೋನಾದ ಬಿಸಿಲಿನಲ್ಲಿ ಹೆಂಡತಿಯ ಹಿಂದೆ ದಿಬ್ಬ ಹತ್ತಿದ, ನಡುವೆ ನಿಲ್ಲದೆ.

ಹರಾಜಿಗೆ ಹೊರಟಿರುವ ಅಣ್ಣಂದಿರೇ, ಅಕ್ಕಂದಿರೇ, ನೋಡಲು ಬಿಡುವ ದಿನವನ್ನು ತಪ್ಪಿಸಬೇಡಿ. ಗೋಡೆ ಒತ್ತಿ, ಡ್ರಾಯರ್ ಎಳೆಯಿರಿ, ಟೈರು ಓದಿ, ತಿಳಿದವರನ್ನು ಕರೆದೊಯ್ಯಿರಿ. ಕಿಟಕಿ ಮುಚ್ಚಿ ಒಳಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತು ನೋಡಿ. ಎಲ್ಲಾದರೂ ಮನಸ್ಸು ಅಳುಕಿತೋ, ಹರಾಜುಗಾರ ಎಷ್ಟು ಕೂಗಿದರೂ ನಿಮ್ಮ ಕೈ ಜೇಬಿನಲ್ಲೇ ಇರಲಿ.