ಮಂಗಳದ ಕಾಲುವೆಗೊಂದು ಬಂದೂಕು

ಸೊಸೆ ಶಿವಗಂಗಾ ಮಾಳಿಗೆಯ ಮೇಲೆ ಬಂದೂಕು ತಯಾರಿಸುತ್ತಿದ್ದಾಳೆಂದು ಕರಿಬಸಯ್ಯನವರಿಗೆ ಹೇಳಿದವರು ಅವರ ಹೆಂಡತಿ ಜಂಬಮ್ಮ. ಹೇಳಿದ್ದೂ ಊಟಕ್ಕೆ ಬಡಿಸುತ್ತ, ಸೊಸೆ ಹಪ್ಪಳ ಒಣಹಾಕಿದ್ದಾಳೆ ಅನ್ನುವ ದನಿಯಲ್ಲಿ.

ಕರಿಬಸಯ್ಯನವರದು ಮಸ್ಕಿಯಲ್ಲಿ ಸೀರೆ ಅಂಗಡಿ. ಗಟ್ಟಿ ದನಿಯಲ್ಲಿ ಗಿರಾಕಿಯನ್ನು ಕರೆದು ರೂಢಿಯೇ ಹೊರತು ಗಟ್ಟಿಯಾಗಿ ಬೈದು ರೂಢಿಯಿಲ್ಲ. ಕೈ ತೊಳೆದವರೇ ಮೆಟ್ಟಿಲು ಹತ್ತಿದರು. ಮೇಲೆ ಸೊಸೆ ಪ್ಲಾಸ್ಟಿಕ್ ಕೊಳವೆಯನ್ನು ಬಿಸಿನೀರಲ್ಲಿ ಅದ್ದಿ ಬಗ್ಗಿಸುತ್ತಿದ್ದಳು. ಪಕ್ಕದಲ್ಲಿ ಕೆಟ್ಟ ಹೇರ್ ಡ್ರೈಯರ್, ಬೆಳೆಗೆ ಔಷಧಿ ಹೊಡೆಯುವ ಪಂಪಿನ ಮೂತಿ, ದೀಪಾವಳಿಗೆ ತಂದಿದ್ದ ಎಲ್‌ಇಡಿ ಸರ.

"ನಮ್ಮ ಮನ್ಯಾಗ ದಿನಾ ಲಿಂಗಪೂಜಾ ನಡೀತೈತಿ. ಇಲ್ಲಿ ಹತ್ಯಾರ ಇಡಂಗಿಲ್ಲವ್ವ."

"ಇದು ಯಾರನ್ನೂ ಕೊಲ್ಲಂಗಿಲ್ರಿ ಮಾವಾರ. ಕಾಲುವಿ ನೀರು ಕದಿಯಾವ್ರ ಮ್ಯಾಲ ಬೆಳಕು ಬಿಟ್ರ ನಿಂತಲ್ಲೇ ಹೆಪ್ಪುಗಟ್ಟಿ ಬರ್ಫ ಆಗ್ತಾರ, ಅಷ್ಟ."

ಕರಿಬಸಯ್ಯನವರು ತುಸು ಯೋಚಿಸಿದರು. "ಹಂಗಾದ್ರ ನಮ್ಮ ಬಳಗದಾಗ ಅರ್ಧ ಮಂದಿ ಬರ್ಫ ಆಕ್ಕಾರ," ಎಂದು ಇಳಿದುಹೋದರು.

ಲಿಂಗಸುಗೂರಿನಲ್ಲಿ ಕಾಲೇಜು ಓದುವ ಶಿವಗಂಗಾಳ ತಂಗಿ ಶಿವಕುಮಾರಿ ಮೊಬೈಲಿನಲ್ಲಿ ಒಂದು ಕಿರುಚಿತ್ರ ತೆಗೆಯುತ್ತಿದ್ದಳು. ಕಥೆ ನಡೆಯುವುದು ಮಂಗಳ ಗ್ರಹದಲ್ಲಿ. ಅಲ್ಲೊಂದು ಕಾಲುವೆ, ಕಾಲುವೆಗೊಬ್ಬಳು ಕಾವಲುಗಾರ್ತಿ. ಆ ಪಾತ್ರವೂ ಅವಳ ಆಯುಧ ಮಾಡುವ ಕೆಲಸವೂ ಅಕ್ಕನ ಪಾಲಿಗೆ ಬಂದಿದ್ದವು. ಮನೆಯ ಮಿಕ್ಸಿ ಕೆಟ್ಟರೆ ಬಿಚ್ಚಿ ಕೂಡಿಸುವವಳು ಶಿವಗಂಗಾಳೇ. ಕೂಡಿಸಿದ ಮೇಲೆ ಒಂದೆರಡು ಸ್ಕ್ರೂ ಹೊರಗೆ ಉಳಿದಿರುತ್ತಿದ್ದವು, ಆದರೂ ಮಿಕ್ಸಿ ತಿರುಗುತ್ತಿತ್ತು.

ಬಂದೂಕು ಅಷ್ಟು ಸಲೀಸಾಗಲಿಲ್ಲ. ಮೊದಲು ಬ್ಯಾಟರಿಯನ್ನು ಕೊಳವೆಯ ಮುಂತುದಿಯಲ್ಲಿ ಇಟ್ಟಳು. ಬಂದೂಕು ಬಳಲಿದ ಎತ್ತಿನಂತೆ ಮೂತಿ ನೆಲಕ್ಕೆ ಹಾಕಿತು. ಹಿಡಿಯೊಳಗೆ ಇಟ್ಟ ಮೇಲೆ ತೂಕ ಸರಿಹೋಯಿತು. ಆಮೇಲೆ ಒಳಗೆ ಕೂರಿಸಿದ ಎಲ್‌ಇಡಿ ಸರದ ಬೆಳಕು ಹೊರಗೇ ಬರಲಿಲ್ಲ. ಕೊಳವೆಗೆ ಉದ್ದುದ್ದ ಸೀಳು ಕೊಯ್ದು, ನೀರಿನ ಬಾಟಲಿಯ ತುಂಡು ಅಂಟಿಸಿದಳು. ಗುಂಡಿ ಒತ್ತಿದರೆ ಹಸಿರು ಬೆಳಕು ಹಿಂದಿನಿಂದ ಮುಂದಕ್ಕೆ ಹರಿಯಿತು. ಅವಳ ಗಂಡ ಬಸವಲಿಂಗ, "ನನ್ನ ಕಡೆ ಹಿಡೀಬ್ಯಾಡ, ನಾ ಮೊದಲ ತಣ್ಣಗದೀನಿ," ಅಂದ.

ಕೊನೆಗೆ ಅದಕ್ಕೆ ಬೆಳ್ಳಿ ಬಣ್ಣ ಹೊಡೆದು ಒಣಗಲು ಕಟ್ಟೆಯ ಮೇಲಿಟ್ಟಳು. ಆ ಸಂಜೆ ಕರಿಬಸಯ್ಯನವರು ಅದನ್ನು ನೋಡಿದರು. ಹತ್ಯಾರವನ್ನಾದರೂ ಸಹಿಸಿದ್ದರು; ಬಣ್ಣವನ್ನು ಸಹಿಸಲಾಗಲಿಲ್ಲ.

"ಇದೇನವ್ವ, ಕಬ್ಬಿಣದ ಟ್ರಂಕಿನ ಬಣ್ಣ! ನಿಮ್ಮ ಮಂಗಳದಾಗ ನೆಲ ಎಂಥಾದು?"

"ಕೆಂಪುರಿ."

"ಕೆಂಪಿನ ಮ್ಯಾಲ ಇದು ಎದ್ದು ಕಾಣಂಗಿಲ್ಲ. ಸೆರಗು ಕೆಂಪಿದ್ರ ಒಡಲಿಗೆ ಏನ್ ಕೊಡ್ತಾರ? ನವಿಲು ಬಣ್ಣ. ಅಂಚಿಗೆ ಜರಾ ಅರಿಶಿಣ."

ಮರುದಿನ ಅಂಗಡಿಯಿಂದ ಬಟ್ಟೆಯ ಚೂರುಗಳ ಗಂಟನ್ನೇ ತಂದರು. ಮಾವ ಸೊಸೆ ಬಿಸಿಲಲ್ಲಿ ಕುಳಿತು ಒಂದೊಂದೇ ಚೂರನ್ನು ಬಂದೂಕಿಗೆ ಹಿಡಿದು ನೋಡಿದರು. ಇವಳು ಹೂಂ ಅಂದದ್ದಕ್ಕೆ ಅವರು ಉಹೂಂ ಅಂದರು. ಕೆಳಗಿನಿಂದ ಜಂಬಮ್ಮ, "ಬಂದೂಕಿನ ಮದಿವಿ ಯಾವಾಗ್ರಿ?" ಎಂದು ಕೂಗಿ ಕೇಳಿದರು.

ಚಿತ್ರೀಕರಣ ನಡೆದದ್ದು ಬಳಗಾನೂರಿನ ಹತ್ತಿರ, ಹೊಸದಾಗಿ ಮರಂ ಮಣ್ಣು ಹಾಕಿ ಕೆಂಪಾಗಿದ್ದ ಕಾಲುವೆ ಏರಿಯ ಮೇಲೆ. ನೀರುಗಳ್ಳನ ಪಾತ್ರ ಬಸವಲಿಂಗನದು. ಆದರೆ ಹೆಂಡತಿ ಮುಖ ಗಂಟಿಕ್ಕಿ ಗುಂಡಿ ಒತ್ತಿದಾಗಲೆಲ್ಲ ಅವನಿಗೆ ನಗು ತಡೆಯದು. ಬರ್ಫವಾಗಬೇಕಾದವನು ಹೊಟ್ಟೆ ಹಿಡಿದು ಕುಳಿತುಬಿಡುತ್ತಿದ್ದ. ಹೊತ್ತು ಇಳಿಯತೊಡಗಿತು. ಬಂದೂಕಿನ ನವಿಲು ಬಣ್ಣ ಕ್ಯಾಮೆರಾದಲ್ಲಿ ಹೇಗೆ ಕಾಣುತ್ತದೆಂದು ನೋಡಲು ಬಂದಿದ್ದ ಕರಿಬಸಯ್ಯನವರ ಕಡೆ ಶಿವಕುಮಾರಿ ತಿರುಗಿದಳು.

"ಮಾವಾರ, ನೀವ ನಿಲ್ರಲಾ."

ಬೇಡ ಬೇಡ ಅನ್ನುತ್ತಲೇ ಅವರು ಧೋತರ ಎತ್ತಿ ಕಟ್ಟಿ, ಕೊಡ ಹಿಡಿದು ಏರಿಯಂಚಿಗೆ ಹೋದರು. ಬೆಳಕು ಹರಿಯಿತು. ಕರಿಬಸಯ್ಯನವರು ಬಾಯಿ ಅರ್ಧ ತೆರೆದು, ಒಂದು ಕೈ ಮೇಲೆತ್ತಿ ಕಂಬದಂತಾದರು. ನೊಣ ಕೂತರೂ ಅಲ್ಲಾಡಲಿಲ್ಲ.

ಆಗಲೇ ಕುರಿ ಹೊಡೆದುಕೊಂಡು ಗದ್ದೆಪ್ಪ ಬಂದ. ಅವರ ಹಳೆಯ ಗಿರಾಕಿ. ಏರಿಯ ತಿರುವಿನಿಂದ ಅವನಿಗೆ ಕಂಡದ್ದು ಎರಡೇ: ಕೈ ಎತ್ತಿ ನಿಂತ ಸಾವ್ಕಾರರು, ಅವರತ್ತ ಏನನ್ನೋ ಗುರಿ ಹಿಡಿದ ಸೊಸೆ.

"ಯಾಕ್ರಿ ಸಾವ್ಕಾರ, ಏನಾತ್ರಿ?" ಗಾಬರಿಯಲ್ಲಿ ಕೋಲು ಎತ್ತಿದ.

ತುಟಿ ಮಾತ್ರ ಅಲುಗಿಸಿ ಕರಿಬಸಯ್ಯನವರು ಪಿಸುಗುಟ್ಟಿದರು: "ನಾ ಬರ್ಫ ಆಗೀನೋ ಗದ್ದೆಪ್ಪ. ಸುಮ್ಮ ಮುಂದ ನಡಿ."

ಗದ್ದೆಪ್ಪ ಮುಂದೆ ನಡೆದ, ಆದರೆ ಸುಮ್ಮನೆ ನಡೆಯಲಿಲ್ಲ. ಇವರೆಲ್ಲ ಮಸ್ಕಿ ಮುಟ್ಟುವ ಮೊದಲೇ, ಸೊಸೆ ಬಂದೂಕು ತೋರಿಸಿ ಅಂಗಡಿಯ ಕೀಲಿ ಕಸಿದಳೆಂಬ ಸುದ್ದಿ ಮುಟ್ಟಿತ್ತು. ಪಕ್ಕದ ಅಂಗಡಿಯ ಇಸ್ಮಾಯಿಲ್‌ಸಾಬ್ ಸಾಕ್ಷಿ ಹೇಳಲು ತಯಾರಾಗಿಯೇ ಬಾಗಿಲಲ್ಲಿ ನಿಂತಿದ್ದರು. ಬಂದೂಕನ್ನು ಅವರ ಕೈಗೇ ಕೊಟ್ಟು ಸಮಾಧಾನ ಮಾಡಬೇಕಾಯಿತು. ಗುಂಡಿ ಒತ್ತಿ ಒತ್ತಿ ಅವರು ಬ್ಯಾಟರಿಯನ್ನೇ ಮುಗಿಸಿದರು.

ಚಿತ್ರವನ್ನು ಕಾಲೇಜಿನಲ್ಲಿ ತೋರಿಸಿದ ದಿನ ಕರಿಬಸಯ್ಯನವರು ಇಸ್ತ್ರಿ ಅಂಗಿ ಹಾಕಿಕೊಂಡು ಹೆಂಡತಿಯ ಜೊತೆ ಲಿಂಗಸುಗೂರಿಗೆ ಹೋದರು. ಅವರು ಬರ್ಫವಾಗಿ ನಿಂತ ದೃಶ್ಯಕ್ಕೆ ಹುಡುಗರು ಸಿಳ್ಳೆ ಹೊಡೆದರು. ಬಸ್ಸಿನಲ್ಲಿ ಮರಳಿ ಬರುವಾಗ ಮಾತ್ರ ಅವರ ಮುಖ ಸಪ್ಪಗಿತ್ತು.

"ಪಾತ್ರ ಭಾಳ ಸಣ್ಣದಾತು. ಒಂದೆರಡು ಮಾತು ಕೊಡಬೇಕಿತ್ತು."

"ಮಾತಿದ್ದಿಲ್ಲ, ಅದಕ್ಕ ಚಲೋ ಮಾಡೀರಿ," ಅಂದರು ಜಂಬಮ್ಮ.