ಹಿಮ್ಮಡಿಯ ಕೆಳಗಿನ ಚಾಪೆ

ತೆಂಗಿನ ಚಿಪ್ಪಿನ ಬಟ್ಟಲನ್ನು ಒರೆಸುತ್ತಾಳೆ ಫಿಪೆ, ಒಳಗೆ, ಹೊರಗೆ, ಒರೆಸಿದ್ದನ್ನೇ ಮತ್ತೆ, ತಲೆ ಎತ್ತಬಾರದು, ಎತ್ತಿದರೆ ಸಭಾಮನೆಯ ಕಂಬಗಳ ನಡುವೆ ಆ ಹಿಮ್ಮಡಿ ಕಾಣುತ್ತದೆ—ಅಗಲವಾದ, ಬಿರುಕುಬಿಟ್ಟ ಹಿಮ್ಮಡಿ, ಅಜ್ಜಿಯ ಚಾಪೆಯ ಅಂಚಿನ ಕೆಂಪು ಗರಿಗಳ ಮೇಲೆ. ಪಕ್ಕದ ದೇಶದ ಮಂತ್ರಿಯ ಹಿಮ್ಮಡಿ. ಸ್ನೇಹದ ಒಪ್ಪಂದವಂತೆ, ಮೀನು ಹಿಡಿಯುವ ಕಡಲು ಹಂಚಿಕೊಳ್ಳುವುದಂತೆ, ಎರಡೂ ದೇಶ ಸೇರಿಸಿದರೂ ಭೂಪಟದಲ್ಲಿ ನೊಣ ಕೂರುವಷ್ಟು ಜಾಗವಿಲ್ಲ, ಆದರೂ ಎಷ್ಟು ಭಾಷಣ! ಕೂರುವ ಚಾಪೆಯೇ ಅದು? ನಮ್ಮ ಸಮೋವಾದಲ್ಲಿ ಎಳೆ ಮಗುವನ್ನೂ ಅದರ ಮೇಲೆ ಬಿಡುವುದಿಲ್ಲ, ಮದುವೆಯಲ್ಲಿ ಬಿಚ್ಚಿ ತೋರಿಸಿ ಮಡಿಸುತ್ತಾರೆ, ಸತ್ತವರಿಗೆ ಹೊದಿಸುತ್ತಾರೆ, ಅಷ್ಟೇ. ಕೇದಗೆ ಎಲೆ ಕುದಿಸಿ, ಕಡಲಲ್ಲಿ ನೆನೆಸಿ, ಬಿಸಿಲಲ್ಲಿ ಬಿಳುಪಾಗಿಸಿ, ಉಗುರಿನಿಂದ ದಾರದಷ್ಟು ಸಣ್ಣಗೆ ಸೀಳಿ ಅಜ್ಜಿ ಹೆಣೆದದ್ದು, ಅಜ್ಜಿಯ ಕಣ್ಣು ಮಂಜಾದಾಗ ಫಿಪೆ ಶಾಲೆ ಬಿಟ್ಟು ಮುಂದುವರಿಸಿದ್ದು, ಅಜ್ಜಿ ಬೆರಳಲ್ಲೇ ತಡವಿ ತಪ್ಪು ಹಿಡಿಯುತ್ತಿದ್ದಳು, ಇಲ್ಲಿ ಸಡಿಲ ಬಿಟ್ಟಿದೀಯ ಕತ್ತೆ, ಬಿಚ್ಚು, ನಾನು ಹೋದಾಗ ಇದನ್ನೇ ಹೊದಿಸ್ಬೇಕು, ಬೇರೆ ಹೊದಿಸಿದ್ರೆ ಎದ್ದು ಕೂತ್ಕೋತೀನಿ ನೋಡು. ಈಗ ಏಳಲಾರಳು. ಗಂಜಿಯೂ ಇಳಿಯುತ್ತಿಲ್ಲ, ಇವತ್ತೋ ನಾಳೆಯೋ, ಬೆಳಿಗ್ಗೆ ಕೈ ಚಾಚಿ ತಡವಿದಳು, ಚಾಪೆ ಎಲ್ಲೇ? ಬಿಸಿಲಿಗೆ ಹಾಕಿದೀನಿ ಅಜ್ಜಿ, ಎಂದು ಸುಳ್ಳು ಹೇಳಬೇಕಾಯಿತು, ಯಾರಿಗಾಗಿ? ಮಾವ ತೂಪಾಯಿಗಾಗಿ, ಮನೆತನದ ಯಜಮಾನನಿಗಾಗಿ—ನಮ್ಮೂರನ್ನ ಆರಿಸಿದಾರೆ ಕಣೇ, ಒಳ್ಳೇ ಚಾಪೆ ಒಂದೂ ತೋರಿಸದಿದ್ರೆ ಮುಖ ಎಲ್ಲಿಟ್ಕೊಳ್ಳಲಿ, ಬರೀ ಬಿಚ್ಚಿ ತೋರಿಸಿ ವಾಪಸ್ ತರ್ತೀನಿ. ತಂದನೇ? ಅತಿಥಿಗಳ ಮುಂದೆ ಬಿಚ್ಚಿ ಹಿಡಿದರು, ಹೆಂಗಸರೆಲ್ಲ ಹೋ ಎಂದು ಕೂಗಿದರು, ಎಲ್ಲರೂ ಮೆಚ್ಚಲಿ ಎಂದು ನೆಲಕ್ಕೆ ಹಾಸಿದರು, ಮಂತ್ರಿ ಕಣ್ಣಲ್ಲಿ ನೀರು ತಂದುಕೊಂಡು, ಚಪ್ಪಲಿ ಕಳಚಿ, ಎದೆಗೆ ಕೈಯಿಟ್ಟು ಅದರ ಮೇಲೆ ಕೂತೇಬಿಟ್ಟ. ಕೂಗು ನಿಂತಿತು. ನೀರು ಕೇಳಿ ಬಂದ ಮಂತ್ರಿಯ ಕಡೆಯ ಹೆಂಗಸು ನಗುತ್ತಾ ಹೇಳಿದಳಲ್ಲ, ನಮ್ಮಲ್ಲೂ ಹೀಗೇ ತಂಗಿ, ಮನೇಲಿರೋ ಒಳ್ಳೇ ಚಾಪೆ ನೆಂಟರಿಗೇ ಹಾಸೋದು, ಕೂರದಿದ್ರೆ ಹಾಸಿದವರಿಗೆ ಅವಮಾನ—ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗೂ ಇಲ್ಲ, ಅವರಿಗೆ ಗೊತ್ತಿಲ್ಲ, ನಮ್ಮವರಿಗೆ ಗೊತ್ತಿದೆಯಲ್ಲ! ಗೊತ್ತಿದ್ದೂ ಕಲ್ಲಿನ ಹಾಗೆ ಕೂತಿದ್ದಾರಲ್ಲ, ರಾಜಧಾನಿಯಿಂದ ಬಂದ ಅಧಿಕಾರಿ ಮಾವನ ಕಿವಿಯಲ್ಲಿ, ಸುಮ್ನಿರಿ ಯಜಮಾನ್ರೇ, ಸಹಿ ಆಗ್ಲಿ, ಒಂದು ಚಾಪೆಗೋಸ್ಕರ ಕಡಲು ಕಳ್ಕೋಬೇಕಾ? ಒಂದು ಚಾಪೆಯಂತೆ. ಇವರ ಸ್ನೇಹ ಅಷ್ಟು ಗಟ್ಟಿಯಿದ್ದರೆ ಒಂದು ಮಾತು ತಡೆಯಲಾರದೇ, ಸ್ವಾಮಿ ಸ್ವಲ್ಪ ಏಳಿ, ಇದು ಒಬ್ಬಳ ಹೊದಿಕೆ ಎಂದು ಹೇಳಿದ್ದರೆ ಮಂತ್ರಿಯೇ ನಾಚಿ ಎದ್ದುನಿಲ್ಲುತ್ತಿರಲಿಲ್ಲವೇ, ಅಷ್ಟು ಒಳ್ಳೆಯ ಮುಖ ಅವನದು. ಬಟ್ಟಲು ಕೆಳಗಿಟ್ಟಳು. ಯಾವತ್ತೂ ಸಭೆಯಲ್ಲಿ ಬಾಯಿ ತೆರೆದವಳಲ್ಲ, ಕೆನ್ನೆ ಸುಡುತ್ತಿದೆ, ಕಂಬದ ಪಕ್ಕ ತಲೆ ತಗ್ಗಿಸಿ ಕೂರುತ್ತಾಳೆ, ಮಾವ, ಎನ್ನುತ್ತಾಳೆ, ದನಿ ತನ್ನದೇ ಎಂದು ನಂಬಿಕೆಯಾಗುವುದಿಲ್ಲ, ಅಜ್ಜಿ ಕೇಳ್ತಿದಾಳೆ ಮಾವ. ಕೇಳಿಸಿತು, ಎಲ್ಲರಿಗೂ ಕೇಳಿಸಿತು, ಮಾವನ ಕತ್ತಿನ ನರ ಬಿಗಿಯಿತು, ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದ, ಚಪ್ಪಾಳೆ, ಮಂತ್ರಿ ಸಹಿಗೆ ಬಾಗುತ್ತಾ ಕಾಲು ಸರಿಸಿದ, ಹಿಮ್ಮಡಿ, ಹಿಮ್ಮಡಿಗೆ ಅಂಟಿಕೊಂಡ ಒಂದು ಕೆಂಪು ಗರಿ, ಮಾವ, ಅಜ್ಜಿಯ ಚಾಪೆ ಕೊಡಿ, ಹಿಮ್ಮಡಿ, ಗರಿ, ಕೊಡಿ ಮಾವ—